ಜೋಪಾನಕ್ಕನ ಗಾಜಿನ ಭಟ್ಟಿ

ಆಕೆ ಮೂವತ್ತೊಂದು ವರ್ಷ ಹೈಸ್ಕೂಲಿನ ವಿಜ್ಞಾನದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಬೀಕರು ತೊಳೆಯುವುದು, ಟೆಸ್ಟ್ ಟ್ಯೂಬು ಒರೆಸಿ ಸ್ಟ್ಯಾಂಡಿಗೆ ಸಿಕ್ಕಿಸುವುದು, ಮಕ್ಕಳು ಏನು ಮುಟ್ಟಿದರೂ ಬೆನ್ನ ಹಿಂದೆ ನಿಂತು “ಜೋಪಾನ, ಜೋಪಾನ” ಅನ್ನುವುದು, ಇಷ್ಟು ಕೆಲಸ. ದಿನಕ್ಕೆ ನೂರು ಸಲ ಅಂದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಜೋಪಾನಕ್ಕ ಅಂತ ಹೆಸರಿಟ್ಟುಬಿಟ್ಟರು. ಮೊದಲು ಮಕ್ಕಳು ಕರೆದರು, ಆಮೇಲೆ ಮೇಷ್ಟರುಗಳು, ಆಮೇಲೆ ಬೀದಿಯವರು. ಕಡೆಗೆ ಕಟ್ಟಿಕೊಂಡ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯತೊಡಗಿದರು.

ಆದರೆ ಯಾರಿಗೂ ಗೊತ್ತಿಲ್ಲದ ಗುಟ್ಟೊಂದಿತ್ತು. ಗಾಜು ಒಡೆಯುವ ಸದ್ದು ಕೇಳಿದರೆ ಜೋಪಾನಕ್ಕನಿಗೆ ಒಳಗೊಳಗೇ ಖುಷಿ. ಒಂದು ಫ್ಲಾಸ್ಕು ‘ಫಳ್’ ಅಂತ ನೆಲಕ್ಕೆ ಬಿತ್ತೆಂದರೆ ಬಾಯಿ ಬೈಯುತ್ತಿತ್ತು, ಹೊಟ್ಟೆಯಲ್ಲಿ ಮಾತ್ರ ಯಾರೋ ಕಚಗುಳಿ ಇಟ್ಟ ಹಾಗಾಗುತ್ತಿತ್ತು. ಚೂರುಗಳನ್ನು ಗುಡಿಸುವ ನೆಪದಲ್ಲಿ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಿಸಾಡಲು ಮನಸ್ಸು ಬಾರದೆ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು. ನಿವೃತ್ತಿಯ ದಿನ ಎಲ್ಲರೂ ಕೊಟ್ಟ ಶಾಲು, ಗಡಿಯಾರಗಳ ಜೊತೆಗೆ ಒಡೆದ ಗಾಜಿನ ಹನ್ನೊಂದು ಡಬ್ಬಿಗಳೂ ಆಟೋದಲ್ಲಿ ಮನೆಗೆ ಬಂದವು.

ಅವರ ಯಜಮಾನರು ವಿಮೆ ಏಜೆಂಟು. ನಲವತ್ತು ವರ್ಷ ಮನೆಮನೆಗೆ ಹೋಗಿ ಜನರನ್ನು ಹೆದರಿಸಿ ಹೆದರಿಸಿ, ಕಡೆಗೆ ಹೆದರಿಕೆ ತಮಗೇ ಅಂಟಿಕೊಂಡಿತ್ತು. ಯಾವ ಮಾತು ಶುರುಮಾಡಿದರೂ ‘ಅಕಸ್ಮಾತ್’ ಅಂತಲೇ. ಆಟೋದಿಂದ ಇಳಿದ ಡಬ್ಬಿಗಳನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: “ಅಕಸ್ಮಾತ್ ಇದರಲ್ಲಿ ಒಂದು ಕಾಲಿಗೆ ಚುಚ್ಚಿದ್ರೆ?”

“ನಿಮಗೆ ಬಿಸ್ಕತ್ತಿನ ಡಬ್ಬಿ ಒಳಗೆ ಕಾಲಿಡೋ ಯೋಚನೆ ಇದ್ಯಾ?” ಅಂದರು ಜೋಪಾನಕ್ಕ.

ನಿವೃತ್ತಿಯಾಗಿ ಮೂರು ವಾರ ಕಳೆದಿರಬೇಕು. ಹಿಂದಿನ ಬೀದಿಯಲ್ಲಿ ಮಡಕೆ ಮಾಡುವುದನ್ನು ಕಲಿಸುತ್ತಿದ್ದ ಮೇಡಂ ಒಬ್ಬರು ಊರು ಬಿಟ್ಟು ಹೊರಟರು. ಅವರ ಬಳಿ ಕರೆಂಟಿನ ಭಟ್ಟಿಯೊಂದಿತ್ತು. ಬಟ್ಟೆ ಒಗೆಯುವ ಮೆಷಿನ್ನಿನಷ್ಟೇ ದಪ್ಪ, ಒಳಗೆ ಬಿಳಿ ಇಟ್ಟಿಗೆ, ಮುಂದೊಂದು ಬಾಗಿಲು, ಬಾಗಿಲಲ್ಲಿ ಇಣುಕಿ ನೋಡಲು ಹೆಬ್ಬೆರಳಗಲದ ತೂತು, ಪಕ್ಕದಲ್ಲಿ ಕೆಂಪು ಅಂಕಿಗಳಲ್ಲಿ ಶಾಖ ತೋರಿಸುವ ಡಬ್ಬಿ. ಹೊಸ ಮನೆಯ ಮೆಟ್ಟಿಲಿನಲ್ಲಿ ಅದನ್ನು ಏರಿಸಲು ಆಗುವುದಿಲ್ಲ ಅಂತ ಮೇಡಂ ಪೇಚಾಡುತ್ತಿದ್ದರು. ಹೋಗಿಬನ್ನಿ ಅಂತ ಹೇಳಲು ಹೋಗಿದ್ದ ಜೋಪಾನಕ್ಕ, “ಇದರಲ್ಲಿ ಗಾಜು ಕರಗುತ್ತಾ?” ಅಂತ ಕೇಳಿದರು. “ಬೆಣ್ಣೆ ಹಾಗೆ” ಅಂದರು ಮೇಡಂ. ಅಷ್ಟೇ ಸಾಕಾಯಿತು. ಬೀಳ್ಕೊಡಲು ಹೋದವರು ಭಟ್ಟಿಯನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಬಂದರು.

ಭಟ್ಟಿಗೆ ತಕ್ಕ ದಪ್ಪ ವೈರು ಇದ್ದದ್ದು ಹಿತ್ತಿಲ ಕೋಣೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನು ಇದ್ದ ಜಾಗದಲ್ಲಿ. ಆದ್ದರಿಂದ ಭಟ್ಟಿ ಅಲ್ಲಿಗೆ, ಮೆಷಿನ್ನು ಹಾಲಿಗೆ. ಅಂದಿನಿಂದ ಯಜಮಾನರು ಟಿವಿ ನೋಡುವುದು ಮೆಷಿನ್ನಿನ ಪಕ್ಕ ಕೂತು. ಅದು ಬಟ್ಟೆ ಹಿಂಡಲು ಶುರುಮಾಡಿತೆಂದರೆ ಗಡಗಡ ನಡುಗುತ್ತ ಸೋಫಾದ ಕಡೆಗೇ ಬರುತ್ತಿತ್ತು. ಅವರು ಕಣ್ಣು ಟಿವಿ ಮೇಲಿಟ್ಟು, ಒಂದು ಕಾಲಿನಿಂದ ಅದನ್ನು ಗೋಡೆಗೆ ಒತ್ತಿಹಿಡಿದು ಕೂರುವುದನ್ನು ಅಭ್ಯಾಸ ಮಾಡಿಕೊಂಡರು.

ಮಗಳು ನರ್ಸು. ಆಸ್ಪತ್ರೆಯಿಂದ ಬಂದು ಈ ಅವತಾರ ನೋಡಿ, “ಅಮ್ಮಾ, ಸ್ವೆಟರ್ ಹೆಣೀಬಾರ್ದಾ?” ಅಂದಳು.

“ಸ್ವೆಟರ್ ಕರಗಲ್ವಲ್ಲೇ” ಅಂದರು ಜೋಪಾನಕ್ಕ.

ಗಾಜು ಇಳಿಸುವ ವಿಧಾನ ಕೇಳಲು ಬಹಳ ಸುಲಭ. ತಳದಲ್ಲಿ ತೂತಿರುವ ಮಣ್ಣಿನ ಹೂಕುಂಡದ ತುಂಬ ಗಾಜಿನ ಚೂರು ತುಂಬಿ, ಭಟ್ಟಿಯೊಳಗೆ ಇಟ್ಟಿಗೆಯ ಕಂಬಗಳ ಮೇಲೆ ಕೂರಿಸಬೇಕು. ಕೆಳಗೆ, ಗಾಜು ಅಂಟದ ಹಾಗೆ ಬಿಳಿಮಣ್ಣು ಬಳಿದ, ಸುಟ್ಟ ಮಣ್ಣಿನ ಹಲಗೆ. ಒಂಬೈನೂರು ಡಿಗ್ರಿ ದಾಟಿದಾಗ ಗಾಜು ಕರಗಿ ತೂತಿನಿಂದ ಜೇನಿನ ಹಾಗೆ ಇಳಿದು ಹಲಗೆಯ ಮೇಲೆ ಗುಂಡಗೆ ಹರಡುತ್ತದೆ. ಆಮೇಲೆ ಎರಡು ದಿನ ಬಾಗಿಲು ತೆರೆಯದೆ ನಿಧಾನವಾಗಿ ಆರಲು ಬಿಡಬೇಕು. ಅವಸರ ಮಾಡಿದರೆ ಸೀಳುತ್ತದೆ.

ಜೋಪಾನಕ್ಕ ಮೊದಲು ಸುರಿದದ್ದು ತಮ್ಮ ಹನ್ನೊಂದು ಡಬ್ಬಿಗಳ ಗಾಜನ್ನೇ. ಎರಡು ದಿನ ಕಾದು ಬಾಗಿಲು ತೆರೆದರೆ ಹಲಗೆಯ ಮೇಲೆ ಒಂದು ಹನಿಯೂ ಇಲ್ಲ. ಕುಂಡದೊಳಗೆ ಬೀಕರಿನ ಚೂರುಗಳು ಒಂದಕ್ಕೊಂದು ಅಂಟಿಕೊಂಡು, ಮುಖ ಊದಿಸಿಕೊಂಡ ನೆಂಟರ ಹಾಗೆ ಕೂತಿದ್ದವು. ಮಡಕೆ ಮೇಡಂಗೆ ಫೋನ್ ಹಚ್ಚಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ರೀ, ಲ್ಯಾಬಿನ ಗಾಜು ಮಾಡೋದೇ ಶಾಖ ತಡ್ಕೊಳ್ಳೋಕೆ! ನಿಮ್ಮ ಭಟ್ಟಿಗೆಲ್ಲ ಅದು ಜಗ್ಗಲ್ಲ. ಬಾಟಲಿ ತನ್ನಿ. ಆದ್ರೆ ನೆನಪಿರಲಿ, ಎಲ್ಲಾ ಒಂದೇ ಥರದ ಬಾಟಲಿ ಆಗಿರ್ಬೇಕು. ಬೇರೆ ಬೇರೆ ಜಾತಿ ಗಾಜು ಸೇರಿಸಿದ್ರೆ ಆರುವಾಗ ಜಗಳ ಆಡಿ ಒಡೆದುಹೋಗುತ್ತೆ.”

ಮೂವತ್ತೊಂದು ವರ್ಷ ಯಾವ ಗಾಜಿಗೆ ಜೋಪಾನ ಜೋಪಾನ ಅಂದರೋ ಆ ಗಾಜು ಹೀಗೆ ಕೈಕೊಟ್ಟದ್ದಕ್ಕೆ ಜೋಪಾನಕ್ಕನಿಗೆ ಬೇಜಾರಾಯಿತು. ಒಂದು ದಿನ ಅದರ ಜೊತೆ ಮಾತು ಬಿಟ್ಟರು. ಮರುದಿನ ಕೈಚೀಲ ಹಿಡಿದು ಬಾಟಲಿ ಹುಡುಕಲು ಹೊರಟರು.

ಒಂದೇ ಥರದ ಕಂದು ಬಾಟಲಿ ರಾಶಿರಾಶಿ ಸಿಗುವ ಜಾಗ ಊರಿನಲ್ಲಿ ಒಂದೇ. ಬಸ್ ನಿಲ್ದಾಣದ ಹಿಂದಿನ ಬಾರು. ಹತ್ತಿಯ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಗೋಣಿಚೀಲ ಹಿಡಿದ ಜೋಪಾನಕ್ಕ ದಿನಾ ಬೆಳಗ್ಗೆ ಹತ್ತಕ್ಕೆ ಬಾರಿನ ಹಿಂಬಾಗಿಲಲ್ಲಿ ನಿಲ್ಲತೊಡಗಿದರು. ಚೀಲ ಹೆಗಲಿಗೇರಿಸಿ ಬರುವಾಗ ಬಾಟಲಿಗಳು ಬೀದಿಯುದ್ದಕ್ಕೂ ಠಣಠಣ ಅನ್ನುತ್ತಿದ್ದವು. ಎದುರುಮನೆಯ ಟೈಲರಮ್ಮ ಹೊಲಿಗೆ ಮೆಷಿನ್ನು ನಿಲ್ಲಿಸಿ, ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಮೂರನೇ ದಿನ ಕುತೂಹಲ ತಡೆಯಲಾಗದೆ ಕೇಳಿದರು.

“ಏನಕ್ಕಾ ಇದೆಲ್ಲಾ?”

“ಮನೇಲಿ ಭಟ್ಟಿ ಹಾಕಿದ್ದೀನಲ್ಲ, ಅದಕ್ಕೆ” ಅಂದು ಜೋಪಾನಕ್ಕ ಗೇಟು ಮುಚ್ಚಿಕೊಂಡು ಒಳಗೆ ಹೋದರು.

ಭಟ್ಟಿ ಅಂದರೆ ಟೈಲರಮ್ಮನಿಗೆ ಗೊತ್ತಿದ್ದದ್ದು ಒಂದೇ, ಕಳ್ಳಭಟ್ಟಿ. ಖಾಲಿ ಬಾಟಲಿ ಒಳಗೆ ಹೋಗುತ್ತಿವೆ, ಹಿತ್ತಿಲ ಕೋಣೆಯ ಕಿಟಕಿಯಿಂದ ಬಿಸಿಗಾಳಿ ಬರುತ್ತಿದೆ, ಯಜಮಾನರು ಹಾಲಿನಲ್ಲಿ ಕೂತು ಕಾಲಿನಿಂದ ಏನನ್ನೋ ಒತ್ತಿಹಿಡಿದುಕೊಂಡು ನಡುಗುತ್ತಿದ್ದಾರೆ. ಇನ್ನೇನು ಸಾಕ್ಷಿ ಬೇಕು? ಸಂಜೆಯೊಳಗೆ ಸುದ್ದಿ ಬೀದಿ ದಾಟಿತು. ಮಾರನೇ ದಿನ ಮೂಲೆಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ, “ನನಗೆ ಜಾಸ್ತಿ ಬೇಡ, ಕೆಮ್ಮಿಗೆ ಸ್ವಲ್ಪ” ಅಂದರು.

“ಇದು ಕೆಮ್ಮಿಗೆಲ್ಲ ಆಗಲ್ಲ ಸಾರ್, ಗಂಟಲಿಗೆ ಹೋದ್ರೆ ಪ್ರಾಣಾನೇ ಹೋಗುತ್ತೆ” ಅಂದರು ಜೋಪಾನಕ್ಕ ನಿಜವಾದ ಕಾಳಜಿಯಿಂದ.

ಅಷ್ಟು ಖಡಕ್ಕಾ ಅಂದುಕೊಂಡು ಪೋಸ್ಟ್‌ಮಾಸ್ಟರು ಇನ್ನೂ ಗೌರವದಿಂದ ಕೈಮುಗಿದು ಹೋದರು. ಮಗಳು ವಿಷಯ ತಿಳಿದು ಟೈಲರಮ್ಮನನ್ನು ಕೈಹಿಡಿದು ಕರೆತಂದು ಭಟ್ಟಿ ತೋರಿಸುವವರೆಗೂ ಈ ಗೊಂದಲ ಬಗೆಹರಿಯಲಿಲ್ಲ. ತೋರಿಸಿದ ಮೇಲೆ ಟೈಲರಮ್ಮನಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಬೇಕು.

ಕಂದು ಬಾಟಲಿ ಕೈಹಿಡಿಯಿತು. ಇಳಿದು ಹರಡಿದ ಗಾಜು ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಸಣ್ಣ ಸಣ್ಣ ತಟ್ಟೆಗಳು ಗುಂಡಗೆ, ಸೊಗಸಾಗಿ ಬಂದವು. ಜೋಪಾನಕ್ಕನ ನಡಿಗೆಯೇ ಬದಲಾಯಿತು. ಅದೇ ಹೊತ್ತಿಗೆ ತಟ್ಟೆಗಳ ಸುದ್ದಿ ಕೇಳಿ ಶಾಲೆಯಿಂದ ಹೊಸ ಹೆಡ್‌ಮಿಸ್ ಫೋನ್ ಮಾಡಿದರು. ಶನಿವಾರ ಹೊಸ ಲ್ಯಾಬಿನ ಉದ್ಘಾಟನೆ, ಅದಕ್ಕೆ ಗೋಡೆಗೆ ಹಾಕಲು ದೊಡ್ಡ ಗಾಜಿನ ಸೂರ್ಯ ಬೇಕು.

“ಉದ್ಘಾಟನೆ ಯಾರು ಮಾಡ್ತಾರೆ ಮೇಡಂ?”

“ಹಳೇ ಹೆಡ್‌ಮಾಸ್ಟರ್ ಸಾರೇ.”

ಹಳೇ ಹೆಡ್‌ಮಾಸ್ಟರ್ ಅಂದರೆ ಜೋಪಾನಕ್ಕನಿಗೆ ಬಹಳ ಮರ್ಯಾದೆ. ಹೆಡ್‌ಮಾಸ್ಟರ್ ಅಂದರೆ ಮಿಕ್ಕವರಿಗೆ ಮೊದಲು ನೆನಪಾಗುವುದು ಅವರ ಮೂಗು. ಅಂಥ ಮೂಗು ಇನ್ನೊಂದಿರಲಿಲ್ಲ. ಅವರು ವರಾಂಡದ ತಿರುವಿನಲ್ಲಿ ಬರುವಾಗ ಮೊದಲು ಮೂಗು ಬಂದು ಕ್ಲಾಸನ್ನು ಸುಮ್ಮನಾಗಿಸುತ್ತಿತ್ತು, ಆಮೇಲೆ ಅವರು ಬಂದು ಪಾಠ ಮಾಡುತ್ತಿದ್ದರು.

ಗುರುವಾರ ಬೆಳಗ್ಗೆ ಆರಕ್ಕೆ ಭಟ್ಟಿ ಸಜ್ಜಾಯಿತು. ಇದ್ದುದರಲ್ಲೇ ದೊಡ್ಡ ಹೂಕುಂಡ, ಅದರ ತುಂಬ ಇಪ್ಪತ್ತೆರಡು ಬಾಟಲಿಯ ಚೂರು. ಇಷ್ಟು ಗಾಜು ಹರಿದು ಹೋಗಬಾರದೆಂದು ಹಲಗೆಯ ಮೇಲೆ ಇಟ್ಟಿಗೆ ತುಂಡುಗಳನ್ನು ಬಳೆಯ ಹಾಗೆ ಸುತ್ತಲೂ ಜೋಡಿಸಿದರು. ಭಟ್ಟಿ ಉರಿಯುವಾಗ ಮನೆಯಲ್ಲಿ ಬೇರೇನೂ ಉರಿಯುವಂತಿಲ್ಲ. ಫ್ರಿಜ್ಜು ಆರಿಸಿ ಹಾಲು, ಮೊಸರು, ಮೊಟ್ಟೆಯನ್ನು ಟೈಲರಮ್ಮನ ಮನೆಗೆ ಕಳಿಸಿದರು. ಭಟ್ಟಿ ಹಚ್ಚುವ ಮುಂಚೆ ಜೋಪಾನಕ್ಕ ಕೈ ತೊಳೆದು ಬರಲು ಹೋದ ಎರಡು ನಿಮಿಷದಲ್ಲಿ ಯಜಮಾನರು ಭಟ್ಟಿಯೊಳಗೆ ತಲೆ ಹಾಕಿದ್ದರು. ಅದು ಆಗ ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಕೆಂಪು ಅಂಕಿ ಒಂಬೈನೂರು ಮುಟ್ಟಿತು. ಹಿತ್ತಿಲ ಕೋಣೆಯಲ್ಲಿ ಟೈಲರಮ್ಮನೂ ಸೇರಿ ನಾಲ್ಕು ಜನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ವೆಲ್ಡಿಂಗ್‌ನವರ ಕಪ್ಪು ಕನ್ನಡಕ ಒಂದೇ ಇತ್ತು. ಅದನ್ನು ಒಬ್ಬರಾದ ಮೇಲೆ ಒಬ್ಬರು ಹಾಕಿಕೊಂಡು ತೂತಿನಲ್ಲಿ ಇಣುಕುತ್ತಿದ್ದರು. ಯಜಮಾನರ ಕೈಯಲ್ಲಿ ಮರಳಿನ ಬಕೆಟ್ಟು, ತಲೆಯ ಮೇಲೆ ಸ್ಕೂಟರಿನ ಹೆಲ್ಮೆಟ್ಟು.

“ಬಂತಾ?” ಅಂದರು ಟೈಲರಮ್ಮ.

“ಇನ್ನೂ ಇಲ್ಲ.”

“ಈಗ?”

“ಆಂಟಿ, ಹೆರಿಗೆ ವಾರ್ಡಲ್ಲೂ ಇಷ್ಟು ಸಲ ಕೇಳಲ್ಲ” ಅಂದಳು ಮಗಳು.

“ಬಂತು!” ಜೋಪಾನಕ್ಕ ಕೂಗಿದರು. ಕುಂಡದ ತಳದಿಂದ ಕಿತ್ತಳೆ ಬಣ್ಣದ ಒಂದು ಹನಿ ಇಣುಕಿತು. ದಪ್ಪಗಾಯಿತು, ಉದ್ದವಾಯಿತು, ಯೋಚನೆ ಮಾಡುವ ಹಾಗೆ ಅಲ್ಲೇ ನೇತಾಡಿತು, ಆಮೇಲೆ ದಾರದ ಹಾಗೆ ಎಳೆಯಾಗಿ ಕೆಳಗಿಳಿದು ಸುರುಳಿ ಸುತ್ತತೊಡಗಿತು. ಜೀವಮಾನವಿಡೀ ಎತ್ತಿದರೆ ಒಡೆಯುತ್ತದೆ ಅಂತ ಹೆದರಿಕೊಂಡಿದ್ದ ವಸ್ತು, ಈಗ ಅವರ ಕಣ್ಣ ಮುಂದೆ ಯಾವ ಭಯವೂ ಇಲ್ಲದೆ ಸುರಿಯುತ್ತಿತ್ತು. ಒಡೆಯಲು ಅದರಲ್ಲಿ ಏನೂ ಉಳಿದಿರಲಿಲ್ಲ. “ಸ್ವಲ್ಪ ನಮಗೂ ಬಿಡಿ ಅಕ್ಕಾ” ಅಂತ ಟೈಲರಮ್ಮ ಸೆರಗು ಜಗ್ಗಿದಾಗಲೇ ಅವರಿಗೆ ಎಚ್ಚರವಾದದ್ದು. ಮುಖ ಬೆವರಿನಿಂದ ಒದ್ದೆಯಾಗಿತ್ತು. ಬೆವರೇ ಇರಬೇಕು.

ಶನಿವಾರ ಬೆಳಗ್ಗೆ ಭಟ್ಟಿ ಪೂರ್ತಿ ತಣ್ಣಗಾಗಿತ್ತು. ಎಲ್ಲರೂ ಸೇರಿ ಬಾಗಿಲು ತೆರೆದರು.

ಸೂರ್ಯ ಬಂದಿದ್ದ, ಆದರೆ ಗುಂಡಗಿರಲಿಲ್ಲ. ಇಟ್ಟಿಗೆಯ ಬಳೆಯಲ್ಲಿ ಒಂದು ಕಡೆ ಎರಡು ಬೆರಳಿನಷ್ಟು ಸಂದು ಬಿಟ್ಟಿತ್ತು. ಗಾಜು ಆ ಸಂದಿನಿಂದ ಹೊರಗೆ ನುಗ್ಗಿ, ಮುಂದೆ ಚಾಚಿ, ತುದಿಯಲ್ಲಿ ಚೂರು ಕೆಳಕ್ಕೆ ಬಾಗಿ ನಿಂತಿತ್ತು. ಅದರ ಕೆಳಗೆ ಸಣ್ಣದೊಂದು ಗಲ್ಲ. ಮೇಲೆ, ಎಲ್ಲಿ ಕಣ್ಣಿರಬೇಕೋ ಸರಿಯಾಗಿ ಅಲ್ಲೇ, ಒಂದು ಗಾಳಿಗುಳ್ಳೆ.

“ಅಮ್ಮಾ,” ಅಂದಳು ಮಗಳು ಮೆಲ್ಲಗೆ, “ಇವರು ನಮ್ಮ ಹೆಡ್‌ಮಾಸ್ಟರ್ ಸಾರ್ ಅಲ್ವಾ?” ಅವಳೂ ಅದೇ ಶಾಲೆಯಲ್ಲಿ ಓದಿದವಳು.

ಜೋಪಾನಕ್ಕ ಬಗ್ಗಿ ನೋಡಿದರು. ಹೌದು, ಅವರೇ. ಪಕ್ಕಕ್ಕೆ ತಿರುಗಿ ನಿಂತು, ಹೋಂವರ್ಕ್ ಮಾಡದೆ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದರು.

“ನಾನು ಇಟ್ಟಿಗೆ ಒತ್ತಿ ಜೋಡಿಸಿದ್ದೆ! ಈ ಸಂದು ಎಲ್ಲಿಂದ ಬಂತು?”

ಯಜಮಾನರು ಗಂಟಲು ಸರಿಮಾಡಿಕೊಂಡರು. “ಅದು… ನಾನೇ ಒಂದು ಇಟ್ಟಿಗೆ ಸರಿಸಿದ್ದೆ. ಅಕಸ್ಮಾತ್ ಗಾಜು ಜಾಸ್ತಿಯಾದ್ರೆ ಹೊರಗೆ ಹೋಗೋಕೆ ಒಂದು ದಾರಿ ಬೇಡ್ವಾ? ಸಿನಿಮಾ ಥಿಯೇಟರಲ್ಲೂ ಇರುತ್ತೆ.”

“ಆ ದಾರೀಲಿ ಹೆಡ್‌ಮಾಸ್ಟರ ಮೂಗು ಹೊರಗೆ ಬಂದಿದೆಯಲ್ರೀ!”

ಇನ್ನೊಂದು ಮಾಡಲು ಸಮಯವಿರಲಿಲ್ಲ. ಕಾರ್ಯಕ್ರಮ ಹನ್ನೊಂದಕ್ಕೆ. ಮಗಳೇ ಉಪಾಯ ಹುಡುಕಿದಳು. ಅದನ್ನು ಕಾಲು ಸುತ್ತು ತಿರುಗಿಸಿ ಮೂಗು ಆಕಾಶಕ್ಕೆ ಬರುವ ಹಾಗೆ ನಿಲ್ಲಿಸಿದರೆ ಮನುಷ್ಯ ಮಾಯ. “ಈಗ ಚಹಾದ ಕೆಟಲ್ ಥರ ಇದೆ. ಯಾರಾದ್ರೂ ಕೇಳಿದ್ರೆ ಸೂರ್ಯ, ಒಂದು ಕಿರಣ ಮಾತ್ರ ಬಂದಿದೆ ಅಂದ್ಬಿಡು” ಅಂದಳು. ಮರದ ಸ್ಟ್ಯಾಂಡಿನ ಮೇಲೆ ಹಾಗೇ ನಿಲ್ಲಿಸಿ, ಮೇಲೊಂದು ಟವೆಲ್ಲು ಹೊದಿಸಿ ಆಟೋ ಹತ್ತಿದರು.

ಶಾಲೆಯಲ್ಲಿ ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿತ್ತು. ಆದರೆ ಮೇಜಿನ ಮೇಲಿಟ್ಟ ಸ್ಟ್ಯಾಂಡು ಸ್ವಲ್ಪ ಅಲುಗಾಡುತ್ತಿದ್ದದ್ದನ್ನು ಗೇಟು ಕಾಯುವವರು ಗಮನಿಸಿದರು. ಜೋಪಾನಕ್ಕನಿಂದ ವರ್ಷಗಟ್ಟಲೆ ಪಾಠ ಕಲಿತವರು ಅವರು. ಬಿದ್ದು ಒಡೆದೀತು ಅಂತ, ಟವೆಲ್ಲಿನೊಳಗೆ ಕೈಹಾಕಿ, ಅದು ಗಟ್ಟಿಯಾಗಿ ಕೂರುವವರೆಗೂ ತಿರುಗಿಸಿ ಇಟ್ಟು ತೃಪ್ತಿಯಿಂದ ಹೋದರು.

ಹಳೇ ಹೆಡ್‌ಮಾಸ್ಟರು ರಿಬ್ಬನ್ ಕತ್ತರಿಸಿ ಒಳಗೆ ಬಂದರು. ಹೊಸ ಹೆಡ್‌ಮಿಸ್ ನಗುನಗುತ್ತ ಟವೆಲ್ಲು ಎಳೆದರು.

ಗಾಜಿನ ಹೆಡ್‌ಮಾಸ್ಟರು ನಿಜವಾದ ಹೆಡ್‌ಮಾಸ್ಟರನ್ನು ನೋಡುತ್ತಿದ್ದರು. ಮೂಗಿಗೆ ಎದುರಾಗಿ ಮೂಗು. ಲೆಕ್ಕದ ಮೇಷ್ಟರು ಪೆನ್ನು ಬಿತ್ತೆಂದು ಮೇಜಿನ ಕೆಳಗೆ ಹೋದವರು ಮೇಲೆ ಬರಲೇ ಇಲ್ಲ; ಮೇಜು ಮಾತ್ರ ಅಲುಗಾಡುತ್ತಿತ್ತು. ಡ್ರಿಲ್ ಮೇಷ್ಟರು ಕರವಸ್ತ್ರ ಬಾಯಿಗೆ ತುರುಕಿಕೊಂಡು ಕಿಟಕಿಯಾಚೆ ನೋಡುತ್ತ ನಿಂತರು. ಜೋಪಾನಕ್ಕನಿಗೆ ಹೊಸ ಲ್ಯಾಬಿನ ಸಿಂಕಿನೊಳಗೆ ಇಳಿದು ಪೈಪಿನಲ್ಲಿ ಹೋಗಿಬಿಡೋಣ ಅನ್ನಿಸಿತು.

ಹೆಡ್‌ಮಾಸ್ಟರು ಹತ್ತಿರ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

“ಜೋಪಾನಕ್ಕಾ,” ಅಂದರು. “ಇದು ನಮ್ಮಪ್ಪ ಅಲ್ವಾ?”

“ಹೌದು ಸಾರ್” ಅನ್ನುವ ಮಾತು ಜೋಪಾನಕ್ಕನ ಬಾಯಿಂದ ಯೋಚನೆಗಿಂತ ಮುಂಚೆ ಹೊರಬಿತ್ತು.

“ನೀವು ಅವರನ್ನ ಯಾವಾಗ ನೋಡಿದ್ರಿ?”

“ನೋಡಿಲ್ಲ ಸಾರ್. ಅದು… ತಾನಾಗೇ ಬಂತು.”

“ಅವರು ಹಾಗೇ,” ಅಂದರು ಹೆಡ್‌ಮಾಸ್ಟರು ಕಣ್ಣೊರೆಸಿಕೊಳ್ಳುತ್ತ. “ಹೇಳದೆ ಕೇಳದೆ ಬಂದುಬಿಡೋರು.”

ಆಮೇಲೆ ವಿಜ್ಞಾನದ ಮಹತ್ವದ ಬಗ್ಗೆ ಮಾತಾಡಬೇಕಿದ್ದವರು ಮುಕ್ಕಾಲು ಗಂಟೆ ತಮ್ಮಪ್ಪನ ಬಗ್ಗೆ ಮಾತಾಡಿದರು. ಅಪ್ಪ ಸೈಕಲ್ ಅಂಗಡಿ ಇಟ್ಟಿದ್ದದ್ದು, ಟ್ಯೂಬಿನ ತೂತನ್ನು ನೀರಿಲ್ಲದೆ ಬರೀ ವಾಸನೆಯಿಂದ ಕಂಡುಹಿಡಿಯುತ್ತಿದ್ದದ್ದು, ಒಂದೇ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋದದ್ದು. ನಗು ತಡೆದುಕೊಂಡಿದ್ದವರು ಈಗ ಅಳು ತಡೆದುಕೊಳ್ಳಬೇಕಾಯಿತು. ಲೆಕ್ಕದ ಮೇಷ್ಟರು ಮೇಜಿನ ಕೆಳಗಿಂದ ಕೆಂಪು ಕಣ್ಣು ಮಾಡಿಕೊಂಡು ಹೊರಬಂದರು. ಅದು ಯಾವುದರಿಂದ ಕೆಂಪಾದದ್ದು ಅಂತ ಯಾರೂ ಕೇಳಲಿಲ್ಲ. ಮಾತು ಮುಗಿಸಿದ ಹೆಡ್‌ಮಾಸ್ಟರು, ಕೊಡುತ್ತೀರಾ ಅಂತ ಯಾರನ್ನೂ ಕೇಳದೆ, ಗಾಜನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಮನೆಗೆ ಹೊರಟರು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು.

ಈ ಸುದ್ದಿ ಮೊದಲಿನ ಭಟ್ಟಿಯ ಸುದ್ದಿಗಿಂತ ಬೇಗ ಹಬ್ಬಿತು. ಸೋಮವಾರವೇ ಪೋಸ್ಟ್‌ಮಾಸ್ಟರು ಬಂದರು, ಈ ಸಲ ಕೆಮ್ಮಿಗಲ್ಲ. “ನಮ್ಮ ಸೋದರಮಾವ ಒಬ್ಬರಿದ್ರು…” ಅಂತ ಶುರುಮಾಡಿದರು. ಜೋಪಾನಕ್ಕ ಎಷ್ಟು ಬಿಡಿಸಿ ಹೇಳಿದರೂ ಜನ ನಂಬಲಿಲ್ಲ. “ನನಗೆ ಮುಖಗಿಖ ಮಾಡೋಕೆ ಬರಲ್ಲ, ಅದು ಸುರಿಯುತ್ತೆ, ಹೇಗೆ ಬೀಳುತ್ತೋ ಹಾಗೆ” ಅಂದರೆ, “ಪರವಾಗಿಲ್ಲ, ಸುರೀರಿ, ನಾವು ಗುರುತು ಹಿಡೀತೀವಿ” ಅನ್ನುತ್ತಿದ್ದರು.

ಕಡೆಗೆ ಹಾಗೇ ಆಯಿತು. ವಾರಕ್ಕೊಮ್ಮೆ ಭಟ್ಟಿ. ಇಟ್ಟಿಗೆ ಜೋಡಿಸಿ ಸಂದು ಬಿಡುವ ಕೆಲಸ ಈಗ ಅಧಿಕೃತವಾಗಿ ಯಜಮಾನರದ್ದು. ಅವರಿಗೆ ಅದರಿಂದ ಬಂದ ಜಂಭ ಅಷ್ಟಿಷ್ಟಲ್ಲ. “ಮೂಗು ನಂದು, ಮಿಕ್ಕಿದ್ದು ಅವಳದು” ಅಂತ ಬಂದವರಿಗೆಲ್ಲ ಹೇಳುತ್ತಾರೆ. ಬಂದ ತುಂಡುಗಳನ್ನು ಹಾಲಿನಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ಸಾಲಾಗಿ ಒರಗಿಸಿಡುತ್ತಾರೆ. ಜನ ಬಂದು ಒಂದೊಂದನ್ನೇ ಎತ್ತಿ, ತಿರುಗಿಸಿ, ತಲೆಕೆಳಗು ಮಾಡಿ ತಮ್ಮವರನ್ನು ಹುಡುಕಿಕೊಳ್ಳುತ್ತಾರೆ. ಟೈಲರಮ್ಮ ತಮ್ಮ ಅತ್ತೆಯನ್ನು ಒಂದೇ ನೋಟಕ್ಕೆ ಗುರುತು ಹಿಡಿದರು. ಮಿಕ್ಕವರಿಗೆಲ್ಲ ಅದು ಆಲೂಗಡ್ಡೆಯ ಹಾಗೆ ಕಂಡಿತ್ತು. ಅದನ್ನು ಹೊಲಿಗೆ ಮೆಷಿನ್ನಿನ ಎದುರಿಗೇ ತೂಗುಹಾಕಿ, “ಈಗ ನೋಡಿ, ನಾನು ಮಾತಾಡ್ತೀನಿ, ಅವರು ಕೇಳಿಸ್ಕೋತಾರೆ” ಅಂದರು.

ಮೊನ್ನೆ ದೂರದಿಂದ ಅಕ್ಕತಂಗಿಯರಿಬ್ಬರು ಬಂದಿದ್ದರು, ಇಬ್ಬರಿಗೂ ಅರವತ್ತು ದಾಟಿದೆ. ಇಬ್ಬರೂ ಒಂದೇ ತುಂಡಿಗೆ ಕೈಹಾಕಿದರು.

“ಇದು ಅಪ್ಪ” ಅಂದರು ಅಕ್ಕ.

“ನಿನ್ನ ತಲೆ. ಇದು ದೊಡ್ಡತ್ತೆ” ಅಂದರು ತಂಗಿ.

“ದೊಡ್ಡತ್ತೆಗೆ ಇಂಥ ಹಣೆ ಎಲ್ಲಿತ್ತು?”

“ನೀನು ತಲೆಕೆಳಗೆ ಹಿಡಿದಿದ್ದೀಯ!”

ಅಕ್ಕ ತಿರುಗಿಸಿ ನೋಡಿದರು. “ಅಯ್ಯೋ, ಹೌದಲ್ಲೇ” ಅಂದರು. ಇಬ್ಬರೂ ಸೋಫಾದ ಮೇಲೆ ಕೂತು, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿಕೊಂಡು, ಆ ದೊಡ್ಡತ್ತೆ ಒಮ್ಮೆ ಬಸ್ಸಿನಲ್ಲಿ ಬೇರೆ ಯಾರದ್ದೋ ಮಗುವನ್ನು ಎತ್ತಿಕೊಂಡು ಇಳಿದ ಕಥೆ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ಆರು ತಿಂಗಳು ಅಪ್ಪನಾಗಿ ಅಕ್ಕನ ಮನೆಯಲ್ಲಿ, ಆರು ತಿಂಗಳು ದೊಡ್ಡತ್ತೆಯಾಗಿ ತಂಗಿಯ ಮನೆಯಲ್ಲಿ ಅಂತ ತೀರ್ಮಾನವಾಯಿತು.

ಜೋಪಾನಕ್ಕ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟು, ಅವರನ್ನು ಗೇಟಿನವರೆಗೂ ಕಳಿಸಿ ಬಂದರು. ಹಿತ್ತಿಲ ಕೋಣೆಗೆ ಹೋಗಿ ನೋಡಿದರೆ ಕೆಂಪು ಅಂಕಿ ಇನ್ನೂ ಇನ್ನೂರ ಹತ್ತು ತೋರಿಸುತ್ತಿತ್ತು. ಒಳಗೆ ಯಾರು ಬಂದಿದ್ದಾರೋ ನಾಳೆಯವರೆಗೂ ಗೊತ್ತಾಗುವಂತಿಲ್ಲ. ಅವರು ಚಹಾಕ್ಕೆ ನೀರಿಡಲು ಹೋದರು.